ಎಲ್ಲರಿಗೂ ಒಂದೇ ದಿನ ಹಬ್ಬ: ಯಹೂದಿ ಪಂಚಾಂಗದ ಲೆಕ್ಕ

2025ರ ಅಕ್ಟೋಬರ್ 2, ವಿಜಯದಶಮಿ. ಮೈಸೂರಿನಲ್ಲಿ ಜಂಬೂ ಸವಾರಿ, ನಮ್ಮ ಮಂಗಳೂರು ಕಡೆ ಬೀದಿಬೀದಿಯಲ್ಲಿ ಹುಲಿವೇಷ, ತಾಸೆಯ ಸದ್ದು. ಅದೇ ದಿನ ನಾನಿರುವ ಜೆರುಸಲೇಮಿನ ರೆಹಾವಿಯಾ ಬಡಾವಣೆಯಲ್ಲಿ ಒಂದು ಬಸ್ಸೂ ಓಡಲಿಲ್ಲ. ಅಂಗಡಿ ಮುಚ್ಚಿತ್ತು, ಟಿವಿ ಚಾನೆಲ್ಲುಗಳು ನಿಂತಿದ್ದವು, ವಿಮಾನ ನಿಲ್ದಾಣವೂ ಬಂದ್ ಆಗಿತ್ತು. ಖಾಲಿ ರಸ್ತೆಯ ನಟ್ಟನಡುವೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ದೊಡ್ಡವರು ಬಿಳಿ ಬಟ್ಟೆ ಉಟ್ಟು ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು. ಅಂದು ಯೋಮ್ ಕಿಪ್ಪುರ್. ತಪ್ಪುಗಳಿಗೆ ಕ್ಷಮೆ ಬೇಡಿ, ಹನಿ ನೀರೂ ಮುಟ್ಟದೆ ಸುಮಾರು 25 ಗಂಟೆ ಉಪವಾಸವಿರುವ ದಿನ.

ಅದರ ಹಿಂದಿನ ವರ್ಷವೂ ಹಾಗೆಯೇ ಆಗಿತ್ತು. 2024ರ ಅಕ್ಟೋಬರ್ 12ರಂದು ಊರಲ್ಲಿ ವಿಜಯದಶಮಿ, ಇಲ್ಲಿ ಯೋಮ್ ಕಿಪ್ಪುರ್. ಆದರೆ 2023ರಲ್ಲಿ ಯೋಮ್ ಕಿಪ್ಪುರ್ ಸೆಪ್ಟೆಂಬರ್ 25ಕ್ಕೇ ಮುಗಿದುಹೋಗಿತ್ತು, ನಮ್ಮ ವಿಜಯದಶಮಿ ಬಂದದ್ದು ಅಕ್ಟೋಬರ್ 24ಕ್ಕೆ. ಎರಡು ವರ್ಷ ಒಂದೇ ದಿನ ಬಂದ ಹಬ್ಬಗಳು ಅದಕ್ಕೂ ಹಿಂದಿನ ವರ್ಷ ಹೆಚ್ಚುಕಡಿಮೆ ಒಂದು ತಿಂಗಳು ದೂರ ಇದ್ದದ್ದು ಯಾಕೆ? ಯಹೂದಿ ಪಂಚಾಂಗವನ್ನು ನಾನು ಕಲಿಯತೊಡಗಿದ್ದು ಈ ಪ್ರಶ್ನೆಯಿಂದ.

ನಾನು ಕಾರ್ಕಳ ಕಡೆಯವಳು. ವಯಸ್ಸಾದವರ ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಬಂದವಳು. ಕರಾವಳಿಯಿಂದ ಹೀಗೆ ಬಂದವರು ಇಲ್ಲಿ ತುಂಬಾ ಮಂದಿ ಇದ್ದಾರೆ. ನಾನು ನೋಡಿಕೊಳ್ಳುವ ಅಜ್ಜಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನೆಯವರೆಲ್ಲ ಅವರನ್ನು ಸವ್ತಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರಿಗೆ ಮಂಡಿ ಮಡಚಲು ಬರುವುದಿಲ್ಲ, ಕಣ್ಣು ಮಂಜು. ಆದರೆ ಗುಣಿಸುವುದು ಕೂಡುವುದು ಬಾಯಲ್ಲೇ. ನನ್ನ ಪ್ರಶ್ನೆ ಕೇಳಿದವರೇ ಔಷಧಿ ಅಂಗಡಿಯ ಲಕೋಟೆಯೊಂದನ್ನು ತಿರುಗಿಸಿ, ಪೆನ್ನು ನನ್ನ ಕೈಗೆ ಕೊಟ್ಟು, ‘ಬರೆದುಕೋ, ಹೇಳುತ್ತೇನೆ’ ಎಂದರು.

ಸಂಜೆಗೆ ಹುಟ್ಟುವ ದಿನ

ಯಹೂದಿಗಳಿಗೆ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಕ್ಯಾಲೆಂಡರಿನಲ್ಲಿ ಅಕ್ಟೋಬರ್ 2 ಎಂದಿರುವ ಹಬ್ಬ ಅಕ್ಟೋಬರ್ 1ರ ಸಂಜೆಗೇ ಹಿಡಿಯುತ್ತದೆ. ವಾರದ ಶಬ್ಬಾತ್ ಕೂಡ ಹಾಗೆಯೇ, ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ. ಜೆರುಸಲೇಮಿನಲ್ಲಿ ಸೂರ್ಯಾಸ್ತಕ್ಕೆ 40 ನಿಮಿಷ ಇರುವಾಗ ಊರಿಗೆಲ್ಲ ಕೇಳುವಂತೆ ಸೈರನ್ ಕೂಗುತ್ತದೆ. ಅಷ್ಟರೊಳಗೆ ನನ್ನ ಅಡುಗೆ ಮುಗಿದಿರಬೇಕು, ಪಾತ್ರೆಗಳು ಪ್ಲಾಟಾ ಎನ್ನುವ ಬಿಸಿ ತಟ್ಟೆಯ ಮೇಲೆ ಕೂತಿರಬೇಕು, ದೀಪಗಳಿಗೆ ಟೈಮರ್ ಇಟ್ಟಾಗಿರಬೇಕು. ಸೈರನ್ ನಿಂತಮೇಲೆ ಸವ್ತಾ ಮೇಣದ ಬತ್ತಿ ಹಚ್ಚಿ ಕಣ್ಣು ಮುಚ್ಚುತ್ತಾರೆ.

ತಿಂಗಳು ಚಂದ್ರನದು. ಅಮಾವಾಸ್ಯೆ ಕಳೆದು ಹೊಸ ಚಂದ್ರ ಬಂದಾಗ ತಿಂಗಳು ಹುಟ್ಟುತ್ತದೆ, ನಡುವೆ ಹುಣ್ಣಿಮೆ. ತಿಂಗಳ ಹೆಸರುಗಳು ಪೂರ್ವಜರು ಬಾಬಿಲೋನಿನಲ್ಲಿ ಸೆರೆಯಿದ್ದಾಗ ಅಲ್ಲಿಂದ ತಂದವು: ನಿಸಾನ್, ಇಯಾರ್, ಸಿವಾನ್, ತಮ್ಮೂಜ್, ಆವ್, ಎಲೂಲ್, ತಿಶ್ರೀ, ಹೆಶ್ವಾನ್, ಕಿಸ್ಲೇವ್, ತೇವೇತ್, ಶೆವಾತ್, ಅದಾರ್. ಒಂದಕ್ಕೆ 30 ದಿನ, ಮುಂದಿನದಕ್ಕೆ 29, ಹೀಗೆ ಸರದಿ. ಎಲ್ಲ ಸೇರಿ 354. ತಿಂಗಳುಗಳ ಎಣಿಕೆ ವಸಂತದ ನಿಸಾನ್‌ನಿಂದ ಶುರುವಾದರೂ ಹೊಸ ವರ್ಷ ರೋಶ್ ಹಶನಾ ಬರುವುದು ಏಳನೆಯ ತಿಂಗಳಾದ ತಿಶ್ರೀಯ ಮೊದಲ ದಿನ.

ಹಬ್ಬಗಳ ಜಾಗ ಈ ಚಂದ್ರನ ತಿಂಗಳಿನಲ್ಲಿ ಗಟ್ಟಿ, ಅಲುಗಾಡುವುದಿಲ್ಲ. ತಿಶ್ರೀ 1 ರೋಶ್ ಹಶನಾ. ತಿಶ್ರೀ 10 ಯೋಮ್ ಕಿಪ್ಪುರ್. ತಿಶ್ರೀ 15ರ ಹುಣ್ಣಿಮೆಗೆ ಸುಕ್ಕೋತ್. ಅಂಗಳದಲ್ಲಿ, ಬಾಲ್ಕನಿಯಲ್ಲಿ ಸೊಪ್ಪಿನ ಚಪ್ಪರ ಹಾಕಿ ಒಂದು ವಾರ ಅದರಡಿ ಊಟ ಮಾಡುವ ಹಬ್ಬ. ಕಿಸ್ಲೇವ್ 25ರಿಂದ ಹನುಕ್ಕಾ. ತಿಂಗಳ ಕೊನೆಯ ಕತ್ತಲೆಯನ್ನು ದಾಟಿಕೊಂಡು ಎಂಟು ರಾತ್ರಿ, ದಿನಕ್ಕೊಂದು ದೀಪ ಹೆಚ್ಚಿಸುತ್ತ ಹೋಗುವುದು. ಅದಾರ್ 14 ಪುರಿಮ್. ಮಕ್ಕಳು ವೇಷ ಹಾಕುತ್ತಾರೆ, ಮನೆಯಿಂದ ಮನೆಗೆ ತಿಂಡಿಯ ಬುಟ್ಟಿ ಹೋಗುತ್ತದೆ. ನಿಸಾನ್ 15ರ ಹುಣ್ಣಿಮೆಗೆ ಪೆಸಾಖ್, ಇಂಗ್ಲಿಷಿನಲ್ಲಿ ಪಾಸೋವರ್ ಎನ್ನುತ್ತಾರಲ್ಲ, ಅದು. ಅದಾಗಿ ಏಳು ವಾರ ಎಣಿಸಿದರೆ ಶಾವುವೋತ್.

ಸತ್ತವರ ವರ್ಷದ ದಿನವೂ ಈ ಲೆಕ್ಕದಲ್ಲೇ. ಸವ್ತಾ ಗಂಡನನ್ನು ನೆನೆದು ಇಡೀ ದಿನ ಉರಿಯುವ ಬತ್ತಿ ಹಚ್ಚುವುದು ಕಿಸ್ಲೇವ್ ತಿಂಗಳ ಒಂದು ತಾರೀಖಿನಂದು. ಇಂಗ್ಲಿಷ್ ತಾರೀಖು ಅವರಿಗೆ ನೆನಪೇ ಇಲ್ಲ. ತಿಥಿ ನೋಡಿ ಶ್ರಾದ್ಧ ಮಾಡುವ ನಾಡಿನಿಂದ ಬಂದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅವರ ಅಧಿಕ ಮಾಸ

ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕೆ 365. ವರ್ಷಕ್ಕೆ ಹನ್ನೊಂದು ದಿನ ಕೊರತೆ. ಮುಸ್ಲಿಮರ ಪಂಚಾಂಗ ಈ ಕೊರತೆಯನ್ನು ತುಂಬುವುದಿಲ್ಲ. ಅದಕ್ಕೇ ರಂಜಾನ್ ಮಳೆಗಾಲಕ್ಕೂ ಬರುತ್ತದೆ, ಬೇಸಿಗೆಗೂ ಬರುತ್ತದೆ, 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಯಹೂದಿಗಳಿಗೆ ಹಾಗೆ ಬಿಡುವಂತಿಲ್ಲ. ಪೆಸಾಖ್ ವಸಂತದಲ್ಲಿ, ಜವೆಗೋಧಿ ತೆನೆ ಬಲಿಯುವ ಕಾಲದಲ್ಲೇ ಬರಬೇಕೆಂದು ಅವರ ಧರ್ಮಗ್ರಂಥದ ಆಜ್ಞೆ. ಹಾಗಾಗಿ ಚಂದ್ರನನ್ನು ಹಿಡಿದುಕೊಂಡೇ ಸೂರ್ಯನನ್ನೂ ಬಿಡದ ದಾರಿ ಹುಡುಕಬೇಕಾಯಿತು. ನಮ್ಮ ಚಾಂದ್ರಮಾನ ಪಂಚಾಂಗ ಕಂಡುಕೊಂಡ ದಾರಿಯೂ ಅದೇ: ಅಧಿಕ ಮಾಸ.

19 ಸೌರ ವರ್ಷ ಮತ್ತು 235 ಚಾಂದ್ರ ಮಾಸ, ಎರಡರ ಉದ್ದವೂ ಹೆಚ್ಚುಕಡಿಮೆ ಒಂದೇ, ಸುಮಾರು ಎರಡು ಗಂಟೆಯ ವ್ಯತ್ಯಾಸ. ಬಾಬಿಲೋನಿನವರಿಗೆ ಇದು ಗೊತ್ತಿತ್ತು. ಕ್ರಿಸ್ತಪೂರ್ವ 432ರ ಅಥೆನ್ಸಿನ ಮೆಟನ್ ಹೆಸರಿನಲ್ಲಿ ಈ ಚಕ್ರ ಪ್ರಸಿದ್ಧವಾಗಿದೆ. 19 ವರ್ಷಕ್ಕೆ ಹನ್ನೆರಡರಂತೆ 228 ತಿಂಗಳು. 235 ಆಗಲು ಇನ್ನು ಏಳು ಬೇಕು. ಯಹೂದಿ ಪಂಚಾಂಗ ಚಕ್ರದ 3, 6, 8, 11, 14, 17 ಮತ್ತು 19ನೆಯ ವರ್ಷಗಳಿಗೆ ಒಂದೊಂದು ತಿಂಗಳು ಸೇರಿಸುತ್ತದೆ. ಸೇರಿಸುವ ಜಾಗವೂ ಒಂದೇ: ಪೆಸಾಖ್ ಬರುವ ನಿಸಾನ್‌ಗೆ ಮುಂಚೆ ಅದಾರ್ ಎರಡಾಗುತ್ತದೆ. ಪುರಿಮ್ ಆಚರಿಸುವುದು ಎರಡನೆಯ ಅದಾರ್‌ನಲ್ಲಿ, ಪೆಸಾಖ್‌ಗೆ ಸರಿಯಾಗಿ ಒಂದು ತಿಂಗಳು ಮೊದಲು.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ನಮ್ಮಲ್ಲಿ ಸಂಕ್ರಾಂತಿ ಇಲ್ಲದ ಚಾಂದ್ರ ಮಾಸ ಯಾವುದೋ ಅದೇ ಅಧಿಕ, ಅದು ಬೇರೆಬೇರೆ ತಿಂಗಳಿಗೆ ಬರುತ್ತದೆ. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ನಮಗೆ ಅಧಿಕ ಶ್ರಾವಣ. ಅವರು ಅದೇ ಕೊರತೆಯನ್ನು ತುಂಬಿದ್ದು 2024ರ ಫೆಬ್ರವರಿ 10ರಂದು ಶುರುವಾದ ಮೊದಲ ಅದಾರ್‌ನಿಂದ. ನಡುವಿನ ಆರೇಳು ತಿಂಗಳು ನಾವು ಒಂದು ತಿಂಗಳು ಹಿಂದೆ ನಿಂತಿದ್ದೆವು, ಅವರು ಮುಂದೆ ಹೋಗಿದ್ದರು. ಅವರೂ ತಿಂಗಳು ಸೇರಿಸಿದ ಕೂಡಲೇ ಎರಡು ಪಂಚಾಂಗಗಳೂ ಮತ್ತೆ ಕೂಡಿಕೊಂಡವು. 2024ರ ಏಪ್ರಿಲ್ 22ರ ಸಂಜೆ ಇಲ್ಲಿ ಪೆಸಾಖ್, ಮಾರನೆಯ ದಿನ ಊರಲ್ಲಿ ಹನುಮ ಜಯಂತಿ. 2025ರಲ್ಲಿ ಎರಡೂ ಏಪ್ರಿಲ್ 12ಕ್ಕೇ ಬಂದವು.

ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಪಂಚಾಂಗ ತೆಗೆದು ತಾವೇ ತಾಳೆ ನೋಡಿದರು. ‘ಅಲ್ಲ ಮಗಾ, ಇಷ್ಟು ದೂರದವರು ನಮ್ಮ ಹಾಗೇ ಎಣಿಸುತ್ತಾರಲ್ಲ’ ಎಂದರು. ಅವರ ದನಿಯಲ್ಲಿದ್ದ ಸಂತೋಷ ನನಗೂ ತಾಗಿತು.

ಸಾಕ್ಷಿ ನುಡಿದು ಹುಟ್ಟುತ್ತಿದ್ದ ತಿಂಗಳು

ಈ ಲೆಕ್ಕವೆಲ್ಲ ಪುಸ್ತಕಕ್ಕೆ ಬರುವ ಮೊದಲು ತಿಂಗಳನ್ನು ಸಾರುತ್ತಿದ್ದದ್ದು ನ್ಯಾಯಸಭೆ. ಹೊಸ ಚಂದ್ರನನ್ನು ಕಣ್ಣಾರೆ ಕಂಡವರು ಜೆರುಸಲೇಮಿಗೆ ಬಂದು ಸಾಕ್ಷಿ ಹೇಳಬೇಕಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಎಂಬ ಗ್ರಂಥ ಆ ವ್ಯವಸ್ಥೆಯನ್ನು ಬಿಡಿಬಿಡಿಯಾಗಿ ವರ್ಣಿಸುತ್ತದೆ. ಸಾಕ್ಷಿಗಳಿಗೆಂದೇ ದೊಡ್ಡ ಅಂಗಳ. ಮುಂದಿನ ಬಾರಿಯೂ ಬರಲಿ ಎಂದು ಅವರಿಗೆ ಭರ್ಜರಿ ಊಟ. ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಣೆ: ಚಂದ್ರ ಸೂರ್ಯನ ಉತ್ತರಕ್ಕಿದ್ದನೋ ದಕ್ಷಿಣಕ್ಕೋ, ಎಷ್ಟು ಎತ್ತರದಲ್ಲಿದ್ದ, ಯಾವ ಕಡೆ ವಾಲಿದ್ದ? ಇಬ್ಬರ ಮಾತೂ ಹೊಂದಿದರೆ ಆ ದಿನವೇ ತಿಂಗಳ ಮೊದಲ ದಿನ.

ಸುದ್ದಿ ಊರೂರಿಗೆ ಹೋಗಬೇಕಲ್ಲ. ಉದ್ದನೆಯ ದೇವದಾರು ಕೋಲಿಗೆ ಜೊಂಡು, ನಾರು ಕಟ್ಟಿ ಬೆಂಕಿ ಹಚ್ಚಿ ಆಲಿವ್ ಗುಡ್ಡದ ನೆತ್ತಿಯಲ್ಲಿ ಬೀಸುತ್ತಿದ್ದರು. ಸರ್ತಬಾ ಗುಡ್ಡದಲ್ಲಿ ಅದನ್ನು ಕಂಡವರು ತಾವೂ ಬೀಸುತ್ತಿದ್ದರು. ಹೀಗೆ ಗುಡ್ಡದಿಂದ ಗುಡ್ಡಕ್ಕೆ ಬಾಬಿಲೋನಿನ ಕಡೆಯ ಯಹೂದಿಗಳವರೆಗೆ ಸುದ್ದಿ ಮುಟ್ಟುತ್ತಿತ್ತು. ಇವರೊಂದಿಗೆ ವೈಮನಸ್ಯವಿದ್ದ ಸಮಾರಿಯದವರು ತಪ್ಪು ದಿನಗಳಲ್ಲಿ ಬೆಂಕಿ ಹಚ್ಚಿ ಗೊಂದಲ ಎಬ್ಬಿಸಿದ ಮೇಲೆ ಬೆಂಕಿ ಬಿಟ್ಟು ಓಲೆಕಾರರನ್ನು ಕಳಿಸತೊಡಗಿದರು. ಓಲೆಕಾರ ಎಷ್ಟು ದೂರ ಓಡಿಯಾನು? ಸುದ್ದಿ ಮುಟ್ಟದ ಊರಿನವರು ಸಂಶಯ ಬೇಡವೆಂದು ಹಬ್ಬವನ್ನು ಎರಡು ದಿನ ಆಚರಿಸಿದರು. ಆ ರೂಢಿ ಇಂದಿಗೂ ನಡೆದಿದೆ. ಪೆಸಾಖ್‌ನ ಮೊದಲ ಹಬ್ಬ ಇಸ್ರೇಲಿನಲ್ಲಿ ಒಂದು ದಿನ, ಮುಂಬಯಿ ಕೊಚ್ಚಿಗಳ ಯಹೂದಿಗಳಿಗೆ ಎರಡು ದಿನ. ರೋಶ್ ಹಶನಾ ಮಾತ್ರ ಎಲ್ಲ ಕಡೆಯೂ ಎರಡು ದಿನ, ಯಾಕೆಂದರೆ ಅದು ಬರುವುದೇ ತಿಂಗಳ ಮೊದಲ ದಿನ, ಸುದ್ದಿ ಮುಟ್ಟಿಸಲು ಸಮಯವೇ ಇರುತ್ತಿರಲಿಲ್ಲ.

ಮಿಶ್ನಾದಲ್ಲೇ ಇರುವ ಒಂದು ಪ್ರಸಂಗವನ್ನು ಸವ್ತಾ ನನಗೆ ಹೇಳಿದರು. ಜೆರುಸಲೇಮಿನ ದೇವಾಲಯ ಬಿದ್ದ ಮೇಲೆ ಯಾವ್ನೆ ಎಂಬ ಊರಿನಲ್ಲಿ ರಬ್ಬಾನ್ ಗಮ್ಲಿಯೇಲ್ ಸಭೆಯ ಮುಖ್ಯಸ್ಥ. ಚಂದ್ರನ ಬೇರೆಬೇರೆ ಆಕಾರ ಬರೆದ ಹಲಗೆ ಅವನ ಕೋಣೆಯ ಗೋಡೆಯ ಮೇಲಿತ್ತು. ಓದು ಬಾರದ ಸಾಕ್ಷಿಗೆ ಅದನ್ನು ತೋರಿಸಿ, ಕಂಡದ್ದು ಹೀಗೋ ಹಾಗೋ ಎಂದು ಕೇಳುತ್ತಿದ್ದ. ಒಮ್ಮೆ ಇಬ್ಬರು ಬಂದು ಚಂದ್ರನನ್ನು ಕಂಡೆವೆಂದರು. ಮರುದಿನ ರಾತ್ರಿ ನೋಡಿದರೆ ಚಂದ್ರ ಕಾಣಲೇ ಇಲ್ಲ. ಆದರೂ ಗಮ್ಲಿಯೇಲ್ ಸಾಕ್ಷಿಯನ್ನು ಒಪ್ಪಿದ. ಧರ್ಮಗುರು ರಬ್ಬಿ ಯೆಹೋಶುವಾ ಒಪ್ಪಲಿಲ್ಲ. ಅವನ ಎಣಿಕೆಯಲ್ಲಿ ಯೋಮ್ ಕಿಪ್ಪುರ್ ಬೇರೆ ದಿನ. ಆ ದಿನ ಊರುಗೋಲು, ಹಣದ ಚೀಲ ಹಿಡಿದು ನನ್ನ ಬಳಿಗೆ ಬಾ ಎಂದು ಗಮ್ಲಿಯೇಲ್ ಅಪ್ಪಣೆ ಕಳಿಸಿದ. ತನ್ನ ಲೆಕ್ಕದಲ್ಲಿ ವರ್ಷದ ಅತಿ ಪವಿತ್ರವಾದ ದಿನದಂದು ಹಣ ಮುಟ್ಟಿ ದಾರಿ ನಡೆಯಬೇಕು. ಯೆಹೋಶುವಾ ನೊಂದ. ಒಂದು ಸಭೆಯ ತೀರ್ಮಾನವನ್ನು ಪ್ರಶ್ನಿಸಿದರೆ ಹಿಂದಿನ ಎಲ್ಲ ಸಭೆಗಳನ್ನೂ ಪ್ರಶ್ನಿಸಬೇಕಾಗುತ್ತದೆ ಎಂದು ಸ್ನೇಹಿತರು ತಿಳಿಹೇಳಿದರು. ಅವನು ಕೋಲು ಹಿಡಿದು ಹೊರಟ. ಬಂದವನನ್ನು ಗಮ್ಲಿಯೇಲ್ ಎದ್ದು ನಿಂತು ಎದುರುಗೊಂಡು ನೆತ್ತಿಗೆ ಮುತ್ತಿಟ್ಟ. ತಿಳಿವಿನಲ್ಲಿ ನೀನು ನನ್ನ ಗುರು, ನನ್ನ ಮಾತು ನಡೆಸಿದ್ದರಿಂದ ಶಿಷ್ಯ ಎಂದ.

ನನ್ನ ಮಟ್ಟಿಗೆ ಇಡೀ ಪಂಚಾಂಗದ ತಿರುಳು ಇದೇ. ಚಂದ್ರನ ವಿಷಯದಲ್ಲಿ ಯೆಹೋಶುವಾ ಹೇಳಿದ್ದೇ ಸರಿಯಿದ್ದಿರಬಹುದು. ಆದರೆ ಅರ್ಧ ಊರು ಇವತ್ತು ಉಪವಾಸವಿದ್ದು ಇನ್ನರ್ಧ ಊರು ನಾಳೆ ಇದ್ದರೆ ಜನ ಒಡೆಯುತ್ತಾರೆ. ಎಲ್ಲರೂ ಒಂದೇ ದಿನ ಆಚರಿಸುವುದನ್ನು ಅವರು ಎಲ್ಲಕ್ಕಿಂತ ಮೇಲೆ ಇಟ್ಟರು.

ಮಧ್ಯಾಹ್ನ ದಾಟಿ ಹತ್ತು ನಿಮಿಷ

ಮುಂದೆ ಆ ಸಭೆಯ ಬಲ ಕುಂದಿತು, ಜನ ಚದುರಿದರು. ಕ್ರಿ.ಶ. 358-59ರಲ್ಲಿ ಎರಡನೆಯ ಹಿಲ್ಲೇಲ್ ಎಂಬ ಮುಖ್ಯಸ್ಥ ಲೆಕ್ಕದ ನಿಯಮಗಳನ್ನು ಎಲ್ಲರಿಗೂ ತೆರೆದಿಟ್ಟ ಎಂದು ಸಂಪ್ರದಾಯ ಹೇಳುತ್ತದೆ. ಈಗಿರುವ ರೂಪ ಪೂರ್ತಿಯಾಗಲು ಇನ್ನೂ ಕೆಲವು ಶತಮಾನ ಹಿಡಿಯಿತೆಂದು ಇತಿಹಾಸಕಾರರ ಅಭಿಪ್ರಾಯ. ಹೇಗೇ ಇರಲಿ, ತಿಂಗಳನ್ನು ಸಾರುವ ಅಧಿಕಾರ ಒಂದು ಊರಿನ ಸಭೆಯ ಕೈಯಿಂದ ಕೂಡು-ಕಳೆ ಬಲ್ಲ ಯಾರ ಕೈಗಾದರೂ ದಾಟಿತು. ಇಂಥ ಅಧಿಕಾರವನ್ನು ತಾವಾಗಿ ಬಿಟ್ಟುಕೊಟ್ಟವರು ಲೋಕದಲ್ಲಿ ಕಡಿಮೆ.

ಲೆಕ್ಕದ ಬುಡದಲ್ಲಿರುವುದು ಮೊಲಾದ್, ಅಂದರೆ ಹೊಸ ಚಂದ್ರ ಹುಟ್ಟುವ ಸರಾಸರಿ ಗಳಿಗೆ. ಗಂಟೆಯನ್ನು 1080 ಪಾಲು ಮಾಡುತ್ತಾರೆ. ನಿಮಿಷಕ್ಕೆ 18 ಪಾಲು, ಒಂದು ಪಾಲಿಗೆ ಮೂರೂ ಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ಒಂದು ಮೊಲಾದ್‌ನಿಂದ ಇನ್ನೊಂದಕ್ಕೆ 29 ದಿನ, 12 ಗಂಟೆ, 793 ಪಾಲು. ತಿಂಗಳು ಹುಟ್ಟುವ ಮುಂಚಿನ ಶಬ್ಬಾತ್‌ನಲ್ಲಿ ಪ್ರಾರ್ಥನಾ ಮಂದಿರದಲ್ಲಿ ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಪಾಲಿಗೆ ಮೊಲಾದ್ ಎಂದು ಗಟ್ಟಿಯಾಗಿ ಸಾರುವುದನ್ನು ಈಗಲೂ ಕೇಳಬಹುದು.

ಆ ಲಕೋಟೆಯ ಮೇಲೆ ಸವ್ತಾ ನನ್ನಿಂದ ಮಾಡಿಸಿದ ಲೆಕ್ಕ 2025ರ ರೋಶ್ ಹಶನಾದ್ದು. ಹಿಂದಿನ ವರ್ಷದ, ಎಂದರೆ 2024ರ ತಿಶ್ರೀ ಮೊಲಾದ್ ಗುರುವಾರ ನಸುಕಿನ 3 ಗಂಟೆ 21 ನಿಮಿಷ 13 ಪಾಲಿಗೆ ಇತ್ತು. ಹಬ್ಬವೂ ಆ ಗುರುವಾರವೇ, ಅಕ್ಟೋಬರ್ 3ಕ್ಕೆ ಆಯಿತು. ಹನ್ನೆರಡು ತಿಂಗಳಿಗೆ 354 ದಿನ, 8 ಗಂಟೆ, 48 ನಿಮಿಷ, 12 ಪಾಲು. 354ರಲ್ಲಿ ಐವತ್ತು ವಾರ ತೆಗೆದರೆ ಉಳಿಯುವುದು 4 ದಿನ. ಗುರುವಾರಕ್ಕೆ ನಾಲ್ಕು ದಿನ ಕೂಡಿದರೆ ಸೋಮವಾರ. 3 ಗಂಟೆ 21 ನಿಮಿಷ 13 ಪಾಲಿಗೆ ಉಳಿದದ್ದನ್ನು ಕೂಡಿದರೆ 12 ಗಂಟೆ 10 ನಿಮಿಷ 7 ಪಾಲು. ಸೋಮವಾರ, ಸೆಪ್ಟೆಂಬರ್ 22, ಮಧ್ಯಾಹ್ನ ಹನ್ನೆರಡೂ ಹತ್ತು.

ನಿಯಮ ಏನೆಂದರೆ, ಮೊಲಾದ್ ನಡುಮಧ್ಯಾಹ್ನ ಅಥವಾ ಅದರ ನಂತರ ಬಂದರೆ ಹಬ್ಬ ಆ ದಿನ ಆಗುವಂತಿಲ್ಲ, ಮುಂದಕ್ಕೆ ಹೋಗಬೇಕು. ಹತ್ತು ನಿಮಿಷ ಏಳು ಪಾಲು ದಾಟಿದ್ದರಿಂದ ಇಡೀ ಜಗತ್ತಿನ ಯಹೂದಿಗಳ ಹೊಸ ವರ್ಷ ಸೋಮವಾರದಿಂದ ಮಂಗಳವಾರಕ್ಕೆ, ಸೆಪ್ಟೆಂಬರ್ 23ಕ್ಕೆ ಸರಿಯಿತು. ಊರಲ್ಲಿ ನವರಾತ್ರಿ ಶುರುವಾದದ್ದು 22ಕ್ಕೆ. ಈ ಒಂದು ದಿನದ ಅಂತರಕ್ಕೆ ಕಾರಣ ನನ್ನ ಕೈಬರಹದಲ್ಲೇ ನನ್ನೆದುರಿಗಿತ್ತು.

ಈ ನಡುಮಧ್ಯಾಹ್ನದ ಗಡಿಗಾಗಿ ಒಮ್ಮೆ ದೊಡ್ಡ ಜಗಳವೇ ಆಗಿದೆ. ಕ್ರಿ.ಶ. 921ರಲ್ಲಿ ಇಲ್ಲಿನ ಗುರು ಬೆನ್ ಮೆಯಿರ್, ಗಡಿ ನಡುಮಧ್ಯಾಹ್ನವಲ್ಲ, ಅದಾಗಿ 642 ಪಾಲು ಕಳೆದ ಮೇಲೆ ಎಂದು ಸಾರಿದ. ಎಂದರೆ 35 ನಿಮಿಷ 40 ಸೆಕೆಂಡು. ಬಾಬಿಲೋನಿನ ವಿದ್ವಾಂಸರು ಒಪ್ಪಲಿಲ್ಲ. ಅವರ ಪರವಾಗಿ ವಾದಿಸಿದವನು ಈಜಿಪ್ಟಿನಲ್ಲಿ ಹುಟ್ಟಿದ ಸಾದ್ಯಾ, ಮುಂದೆ ಸುರಾ ವಿದ್ಯಾಪೀಠದ ಮುಖ್ಯಸ್ಥನಾದವನು. ಪರಿಣಾಮವಾಗಿ 922ರ ಪೆಸಾಖ್ ಕೆಲವರಿಗೆ ಭಾನುವಾರ, ಕೆಲವರಿಗೆ ಮಂಗಳವಾರ. ಒಬ್ಬರು ಹುಳಿ ಹಿಟ್ಟಿನ ರೊಟ್ಟಿಯನ್ನು ಮನೆಯಿಂದ ತೆಗೆದು ಹಬ್ಬಕ್ಕೆ ಕೂತಾಗ ಇನ್ನೊಬ್ಬರು ಅದನ್ನೇ ತಿನ್ನುತ್ತಿದ್ದರು. ಕೊನೆಗೆ ನಿಂತದ್ದು ಬಾಬಿಲೋನಿನವರ ಲೆಕ್ಕ. ಬೆನ್ ಮೆಯಿರ್ ಗೆದ್ದಿದ್ದರೆ 2025ರ ರೋಶ್ ಹಶನಾ ಸೋಮವಾರವೇ ಆಗುತ್ತಿತ್ತು.

ಬಾಡುವ ಸೊಪ್ಪು, ಕಾಯುವ ಹೆಣ

ಚಂದ್ರ, ಸೂರ್ಯ ಇಬ್ಬರೂ ಒಪ್ಪಿದರೂ ವಾರ ಒಪ್ಪಬೇಕು. ರೋಶ್ ಹಶನಾ ಭಾನುವಾರ, ಬುಧವಾರ, ಶುಕ್ರವಾರ ಬರುವಂತಿಲ್ಲ. ಬುಧವಾರ ಬಂದರೆ ಯೋಮ್ ಕಿಪ್ಪುರ್ ಶುಕ್ರವಾರಕ್ಕೆ ಬೀಳುತ್ತದೆ, ಶುಕ್ರವಾರ ಬಂದರೆ ಭಾನುವಾರಕ್ಕೆ. ಎರಡರಲ್ಲೂ ಶಬ್ಬಾತ್ ಪಕ್ಕಕ್ಕೇ ಅಂಟಿಕೊಂಡು, ಬೆಂಕಿ ಹಚ್ಚಬಾರದ, ಅಡುಗೆ ಮಾಡಬಾರದ ಎರಡು ದಿನ ಒಂದರ ಹಿಂದೆ ಒಂದು ಬಂದುಬಿಡುತ್ತವೆ. ತಾಲ್ಮೂದ್ ಗ್ರಂಥ ಕೊಡುವ ಕಾರಣ ಎರಡು: ಕೊಯ್ದ ಸೊಪ್ಪು ತರಕಾರಿ ಬಾಡುತ್ತವೆ, ಸತ್ತವರನ್ನು ಮಣ್ಣು ಮಾಡಲಾಗದೆ ಹೆಣ ಎರಡು ದಿನ ಕಾಯಬೇಕಾಗುತ್ತದೆ. ಇನ್ನು ಭಾನುವಾರ ಬಂದರೆ ಸುಕ್ಕೋತ್‌ನ ಏಳನೆಯ ದಿನ ಶಬ್ಬಾತ್‌ಗೆ ಬಿದ್ದು, ಆ ದಿನದ ನೀರಂಜಿ ರೆಂಬೆ ಬಡಿಯುವ ಆಚರಣೆ ತಪ್ಪುತ್ತದೆ.

ಅಡುಗೆಮನೆಯನ್ನೂ ರೋಗಿಯ ಮಂಚವನ್ನೂ ನೋಡಿಕೊಳ್ಳುವ ನನಗೆ ಈ ಕಾರಣಗಳು ತುಂಬಾ ಹತ್ತಿರ. ಆಕಾಶದ ಲೆಕ್ಕ ಬರೆಯುವಾಗಲೂ ಅವರು ಮನೆಯೊಳಗಿನ ತರಕಾರಿ ಬುಟ್ಟಿಯನ್ನು, ಸಾವಿನ ಮನೆಯವರ ಸಂಕಟವನ್ನು ಮರೆಯಲಿಲ್ಲ. ಯೋಮ್ ಕಿಪ್ಪುರ್‌ನ ಉಪವಾಸವೂ ಹಾಗೆ. ಸವ್ತಾಗೆ ಪೂರ್ತಿ ಉಪವಾಸ ಆಗದು ಎಂದು ವೈದ್ಯರು ಹೇಳಿದರು. ಮನೆಯವರು ರಬ್ಬಿಯನ್ನು ಕೇಳಿಕೊಂಡು ಬಂದರು. ಬಾಯಿ ತುಂಬುವುದಕ್ಕಿಂತ ಕಡಿಮೆ ನೀರು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂಬತ್ತು ನಿಮಿಷ ಬಿಡುವು. ಔಷಧಿ ಕುಡಿಯುವ ಪುಟ್ಟ ಅಳತೆಯ ಲೋಟದಲ್ಲಿ ನಾನು ನೀರು ಅಳೆದು ಕೊಟ್ಟೆ, ಗಡಿಯಾರ ನೋಡುತ್ತ ಪಕ್ಕದಲ್ಲೇ ಕೂತೆ. ಉಪವಾಸ ಮುರಿಯಿತೆಂಬ ದುಃಖ ಅವರ ಮುಖದಲ್ಲಿ ಇರಲಿಲ್ಲ. ಪ್ರತಿ ಗುಟುಕಿಗೂ ಮಂತ್ರ ಹೇಳಿ ಕುಡಿದರು.

ಈ ತಡೆಗಳಿಂದಾಗಿ ಹಬ್ಬ ಒಂದೋ ಎರಡೋ ದಿನ ಮುಂದೆ ಹೋದರೆ ವರ್ಷದ ಉದ್ದವನ್ನೂ ಹೊಂದಿಸಬೇಕು. ಅದಕ್ಕೆ ಹೆಶ್ವಾನ್ ಮತ್ತು ಕಿಸ್ಲೇವ್ ತಿಂಗಳುಗಳು 29 ಅಥವಾ 30 ದಿನದವಾಗುತ್ತವೆ. ಸಾಮಾನ್ಯ ವರ್ಷಕ್ಕೆ 353, 354 ಅಥವಾ 355 ದಿನ, ಹದಿಮೂರು ತಿಂಗಳ ವರ್ಷಕ್ಕೆ 383, 384 ಅಥವಾ 385. ಉಳಿದ ತಿಂಗಳುಗಳು ಅಲುಗಾಡುವುದಿಲ್ಲ. ಹಾಗಾಗಿ ಪೆಸಾಖ್‌ನ ಮೊದಲ ದಿನಕ್ಕೆ 163 ದಿನ ಕೂಡಿದರೆ ಮುಂದಿನ ರೋಶ್ ಹಶನಾ ಯಾವಾಗಲೂ ಸರಿಯಾಗಿ ಸಿಗುತ್ತದೆ. 2026ರ ಏಪ್ರಿಲ್ 2ಕ್ಕೆ ಕೂಡಿ ನೋಡಿ, ಸೆಪ್ಟೆಂಬರ್ 12 ಬರುತ್ತದೆ.

ಚದುರಿದವರ ಕೈಯಲ್ಲಿ

ನಮ್ಮ ಕೊಂಕಣ ಕರಾವಳಿಯ ಮೇಲ್ಭಾಗದಲ್ಲಿ, ರಾಯಗಡದ ಹಳ್ಳಿಗಳಲ್ಲಿ ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳು ಉಳಿದ ಯಹೂದಿ ಲೋಕದಿಂದ ದೂರವಾಗಿ ಬಹಳ ಕಾಲ ಬದುಕಿದವರು. ಹಬ್ಬಗಳಿಗೆ ಅವರು ಮರಾಠಿಯಲ್ಲೇ ಹೆಸರಿಟ್ಟುಕೊಂಡಿದ್ದರು. ಹೊಸ ವರ್ಷ ‘ನವ್ಯಾಚಾ ಸಣ್’. ಬಾಗಿಲು ಮುಚ್ಚಿ ಉಪವಾಸವಿರುವ ಯೋಮ್ ಕಿಪ್ಪುರ್ ‘ದರ್ಫಾಳ್ಣೀಚಾ ಸಣ್’. ಹೋಳಿ ಹುಣ್ಣಿಮೆಯ ಆಸುಪಾಸು ಬರುವ ಪುರಿಮ್ ‘ಹೋಳೀಚಾ ಸಣ್’. ಹೊರಗಿನ ಯಹೂದಿಗಳ ಸಂಪರ್ಕ ಬಂದಮೇಲೆ ಅವರೂ ಹೀಬ್ರೂ ಪಂಚಾಂಗಕ್ಕೆ ಸೇರಿಕೊಂಡರು. ಈಗ ಮುಂಬಯಿಯಲ್ಲಿ ಹನುಕ್ಕಾದ ದೀಪ ಹತ್ತುವುದು ಜೆರುಸಲೇಮಿನಲ್ಲಿ ಹತ್ತುವ ತಾರೀಖಿಗೇ.

ಲೆಕ್ಕ ಬಲ್ಲವರ ಕೈಗೆ ಅದು ಏನು ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷಿಯೂ ಇದೆ. ನಾಜಿಗಳು ನಡೆಸಿದ ಶಿಬಿರಗಳಲ್ಲಿ ಕೈದಿಗಳು ಸಿಕ್ಕ ಕಾಗದದ ಮೇಲೆ ಗುಟ್ಟಾಗಿ ಯಹೂದಿ ಪಂಚಾಂಗ ಬರೆದಿಟ್ಟರು. ಥೆರೆಸಿಯೆನ್‌ಸ್ಟಾಟ್‌ನಲ್ಲಿ ಯಹೂದಿ ಎಣಿಕೆಯ 5704ನೆಯ ವರ್ಷಕ್ಕೆ, ಎಂದರೆ 1943-44ಕ್ಕೆ ಕೈಯಿಂದ ಬರೆದದ್ದು ಉಳಿದುಬಂದಿದೆ. ಅಚ್ಚಾದ ಪಂಚಾಂಗ ಸಿಗುವ ಜಾಗವಲ್ಲ ಅದು. 29 ದಿನ, 12 ಗಂಟೆ, 793 ಪಾಲು ಎಂಬುದು ತಲೆಯಲ್ಲಿ ಇದ್ದವರು, ಅದಾರ್ ಯಾವಾಗ ಎರಡಾಗುತ್ತದೆಂದು ಬಲ್ಲವರು ಅಲ್ಲಿಯೂ ತಮ್ಮ ಹಬ್ಬ ಯಾವತ್ತೆಂದು ತಿಳಿದುಕೊಂಡರು. ಸುತ್ತಿನ ಜಗತ್ತು ಎಲ್ಲವನ್ನೂ ಕಿತ್ತುಕೊಂಡಾಗಲೂ ದಿನವನ್ನು ಕಿತ್ತುಕೊಳ್ಳಲಾಗಲಿಲ್ಲ. ಸವ್ತಾ ಇದನ್ನು ಹೇಳಿದ ದಿನ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಈ ಲೆಕ್ಕದಲ್ಲಿ ಕೊರತೆಯೂ ಇದೆ. 19 ವರ್ಷದ ಚಕ್ರದ ಸರಾಸರಿ ವರ್ಷ ಸೂರ್ಯನ ವರ್ಷಕ್ಕಿಂತ ಆರೂವರೆ ನಿಮಿಷದಷ್ಟು ಉದ್ದ. ಇನ್ನೂರು ಚಿಲ್ಲರೆ ವರ್ಷಕ್ಕೆ ಒಂದು ದಿನದಂತೆ ಪೆಸಾಖ್ ಬೇಸಿಗೆಯ ಕಡೆಗೆ ಸರಿಯುತ್ತಿದೆ. 2024ರಲ್ಲಿ ವಸಂತ ವಿಷುವದ ನಂತರದ ಹುಣ್ಣಿಮೆ ಮಾರ್ಚ್ 25ಕ್ಕೆ ಇದ್ದರೂ ಹಬ್ಬ ಬಂದದ್ದು ಅದರ ಮುಂದಿನ ಹುಣ್ಣಿಮೆಗೆ. ತಿದ್ದಬಾರದೇ ಎಂದು ಕೇಳಿದೆ. ತಿದ್ದಲು ಎಲ್ಲರೂ ತಲೆಬಾಗುವ ಸಭೆಯೊಂದು ಬೇಕು, ಅದು ಈಗ ಇಲ್ಲ ಎಂದರು ಸವ್ತಾ. ಕರಾಯಿತ್ ಎಂಬ ಚಿಕ್ಕ ಪಂಗಡ ಇಂದಿಗೂ ಈ ಲೆಕ್ಕವನ್ನು ಒಪ್ಪದೆ ಕಣ್ಣಿಗೆ ಕಂಡ ಚಂದ್ರನನ್ನೇ ನಂಬುತ್ತದೆ, ಅದರ ಹಬ್ಬಗಳು ಕೆಲವೊಮ್ಮೆ ಬೇರೆ ದಿನ ಬರುತ್ತವೆ. ಉಳಿದ ಯಹೂದಿಗಳು ಸೂರ್ಯನೊಂದಿಗಿನ ಚಿಕ್ಕ ತಪ್ಪನ್ನು ಸಹಿಸಿಕೊಂಡು ಒಬ್ಬರನ್ನೊಬ್ಬರು ಬಿಡದೆ ಇದ್ದಾರೆ. ಯೆಹೋಶುವಾ ಅಂದು ಕೋಲು ಹಿಡಿದು ನಡೆದದ್ದೂ ಇದೇ ಕಾರಣಕ್ಕೆ.

ನಿಮ್ಮ ಗೋಡೆಯ ಪಂಚಾಂಗದಲ್ಲಿ

ಈ ಹಬ್ಬಗಳನ್ನು ನಮ್ಮ ಪಂಚಾಂಗ ಹಿಡಿದೇ ನೀವು ಗುರುತಿಸಬಹುದು. ಪೆಸಾಖ್ ಚೈತ್ರದ ಹುಣ್ಣಿಮೆಯ ಆಸುಪಾಸು. ಪುರಿಮ್ ಹೋಳಿ ಹುಣ್ಣಿಮೆಯ ಸುತ್ತ. ರೋಶ್ ಹಶನಾ ಸಾಮಾನ್ಯವಾಗಿ ಆಶ್ವಯುಜ ಶುದ್ಧ ಪಾಡ್ಯದ ಸುತ್ತ, ಅದರ ಹತ್ತನೆಯ ದಿನ ಯೋಮ್ ಕಿಪ್ಪುರ್, ಹದಿನೈದನೆಯ ದಿನ ಸುಕ್ಕೋತ್. ನಮಗೆ ಅಧಿಕ ಮಾಸ ಬಂದು ಅವರಿಗೆ ಇನ್ನೂ ಬರದಿರುವ ವರ್ಷಗಳಲ್ಲಿ ಮಾತ್ರ ಅವರ ಹಬ್ಬ ನಮ್ಮದಕ್ಕಿಂತ ಒಂದು ತಿಂಗಳು ಮೊದಲು. 2026 ಅಂಥ ವರ್ಷ. ನಮಗೆ ಮೇ 17ರಿಂದ ಅಧಿಕ ಜ್ಯೇಷ್ಠ, ಅವರ ಹೆಚ್ಚಿನ ಅದಾರ್ ಬರುವುದು 2027ರ ಫೆಬ್ರವರಿಗೆ. ಹಾಗಾಗಿ ಸೆಪ್ಟೆಂಬರ್ 12ರ ಅವರ ಹೊಸ ವರ್ಷ ನಮ್ಮ ಚೌತಿಯ ಹೊಸ್ತಿಲಿಗೆ ಬರುತ್ತದೆ. 2027ರ ಅಕ್ಟೋಬರ್ 2ರ ರೋಶ್ ಹಶನಾ ಮತ್ತೆ ನವರಾತ್ರಿಯ ಮೊದಲ ದಿನಗಳಿಗೆ.

ಇಷ್ಟು ಕಲಿತಮೇಲೆ ನನಗೆ ನಮ್ಮ ಮಕ್ಕಳ ಬಗ್ಗೆ ಒಂದು ಮಾತು ಹೇಳಬೇಕೆನಿಸುತ್ತದೆ. ನಮ್ಮ ಹಳ್ಳಿಗಳಿಂದ ದುಬೈ, ಮಸ್ಕತ್, ಇಸ್ರೇಲಿಗೆ ಹೋದವರ ಮನೆಗಳು ಲೆಕ್ಕವಿಲ್ಲದಷ್ಟಿವೆ. ಚೌತಿ ಯಾವತ್ತು, ಅಮ್ಮನ ತಿಥಿ ಯಾವತ್ತು ಎಂದು ಊರಿನಿಂದ ಯಾರಾದರೂ ವಾಟ್ಸಾಪಿನಲ್ಲಿ ತಿಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ ನಮ್ಮದು. ಶುಕ್ಲ ಪಕ್ಷ ಯಾವುದು, ತಿಥಿ ಹೇಗೆ ನಡೆಯುತ್ತದೆ, ಅಧಿಕ ಮಾಸ ಯಾಕೆ ಬರುತ್ತದೆ ಎಂಬುದು ಕೂಡುವುದು ಕಳೆಯುವುದು ಬಲ್ಲ ಹತ್ತು ವರ್ಷದ ಮಗುವಿಗೆ ಅರ್ಥವಾಗುವಂಥದ್ದೇ. ಅಜ್ಜನ ಪಕ್ಕ ಕೂರಿಸಿ, ಆಕಾಶ ತೋರಿಸಿ, ಒಂದು ಕಾಗದ ಪೆನ್ನು ಕೊಟ್ಟು ಕಲಿಸಿ. ಊರು ಬಿಟ್ಟು ಹೋಗುವವರ ಚೀಲದಲ್ಲಿ ಉಪ್ಪಿನಕಾಯಿ ಹಪ್ಪಳದ ಜೊತೆಗೆ ಆ ಲೆಕ್ಕವೂ ಹೋಗಲಿ. ಹಬ್ಬದ ದಿನವನ್ನು ತಾವೇ ಎಣಿಸಿ ಹೇಳಬಲ್ಲವರು ಎಲ್ಲಿದ್ದರೂ ತಮ್ಮವರ ಜೊತೆಗೇ ಹಬ್ಬ ಮಾಡುತ್ತಾರೆ.